ಗುಡ್ಡದ ಕಡೆಯ ಉಪ್ಪು

ಲಂಡನ್ನಿನಿಂದ ವಿಮಾನ ಹೊರಟಾಗಿನಿಂದ ಅಮ್ಮಣ್ಣಿಯ ಬಾಯಿಗೆ ಬಿಡುವಿಲ್ಲ. ಕಿಟಕಿ ಪಕ್ಕದ ಜಾಗ ಅವಳದು, ಕೇಳುವ ಕಿವಿ ಗಂಡ ವೆಂಕಟಸುಬ್ಬಯ್ಯನವರದು. ಅವರ ಕಣ್ಣಿನ ನರ ಒಣಗಿದೆ, ಇನ್ನು ಮಾಡುವುದೇನಿಲ್ಲ ಎಂದು ಅಲ್ಲಿನ ಡಾಕ್ಟರು ಕೈಚೆಲ್ಲಿದ್ದರು.

"ಈಗ ಬರೀ ಮರಳು ಕಣ್ರೀ. ಹುರಿದ ರವೆ ಹರವಿದ ಹಾಗಿದೆ."

"ನಿನ್ನ ಭೂಗೋಳ ಎಲ್ಲಾ ಅಡುಗೆಮನೇಲೇ ಮುಗಿಯುತ್ತಲ್ಲೇ!"

ಅವರಿಗೆ ಮರಳುಗಾಡು ಯಾಕೆ ಬೇಕು? ಬೊಂಬಾಯಿಯ ಫೋರ್ಟಿನ ಕಚೇರಿಯಲ್ಲಿ ಮೂವತ್ತು ವರ್ಷ ಆ ಊರಿನ ನಕಾಶೆ ಬರೆದ ಮನುಷ್ಯ. ಬರೆದ ನೆಲವನ್ನು ಮೇಲಿನಿಂದ ಒಂದು ಸಲ ನೋಡಬೇಕು, ಅದೊಂದೇ ಆಸೆ. ಹೋಗುವಾಗ ಕಣ್ಣು ಅಷ್ಟಿಷ್ಟು ಇತ್ತು, ಹೊರಗೆ ಕತ್ತಲು. ಬರುವಾಗ ಕಣ್ಣೇ ಇಲ್ಲ.

"ಊರ ಅಂಚು ಬಂತೇನೇ, ದಹಿಸರ್? ನೋಡಿ ಹೇಳೇ."

ಕಾಣುವುದೇನು, ಮಣ್ಣು! ಜೂನ್ ತಿಂಗಳ ಮೋಡ ಕಿಟಕಿಯ ತುಂಬ. ಇಲ್ಲ ಎನ್ನಲು ಅಮ್ಮಣ್ಣಿಗೆ ನಾಲಿಗೆ ಏಳಲಿಲ್ಲ. ಆಗ ನೆನಪಾಯಿತು, ಮಾಟುಂಗದ ತಮ್ಮ ಮನೆಯ ಅಡುಗೆಮನೆ ಗೂಡು. ಹೊಸದಾಗಿ ಸಂಸಾರ ಹೂಡಿದ ವರ್ಷ ಇವರು ಕಚೇರಿಯಿಂದ ತಂದ ನಕಾಶೆಯ ಹಾಳೆಯನ್ನು ಡಬ್ಬಿಗಳ ಕೆಳಗೆ ಹಾಸಿದ್ದಳು. ಊರುಗಳ ಹೆಸರನ್ನು ಇವರೇ ಓದಿ ಹೇಳಿದ್ದರು. ಆ ಹಾಳೆ ಹರಿದು ಚಿಂದಿಯಾಗುವ ಹೊತ್ತಿಗೆ ಗೆರೆಗೆರೆಯೂ ಅವಳಿಗೆ ಬಾಯಿಪಾಠವಾಗಿತ್ತು.

ಅವರ ಅಂಗೈ ಬಿಡಿಸಿ ಬೆರಳಿನಿಂದ ಎಳೆದಳು. "ಇದು ರೈಲು ಹಳಿ. ಈ ಕಡೆ ಸಮುದ್ರ, ಆ ಕಡೆ ಗುಡ್ಡ. ಗುಡ್ಡದ ಬುಡದಲ್ಲಿ ಚೌಕಚೌಕವಾಗಿ ಉಪ್ಪಿನ ಗದ್ದೆ..."

"ಗುಡ್ಡದ ಕಡೆಯಾ? ಸಮುದ್ರದ ಕಡೆ ಅಲ್ವಾ?"

"ಕಣ್ಣಾರೆ ನೋಡ್ತಿದೀನಲ್ರೀ!"

ಅವರು ಅವಳ ಕಡೆ ತಿರುಗಿದರು. "'ಗುಡ್ಡದ ಮೇಲೆ ಉಪ್ಪು ಬೆಳೀತೀಯೇನಯ್ಯಾ' ಅಂತ ಸಾಹೇಬ್ರು ಆ ಗೂಡಿಗೆ ಹಾಸಿದ ಹಾಳೇನ ನನ್ನ ಮುಖಕ್ಕೆ ಎಸೆದಿದ್ರು. ತಪ್ಪಾಗಿತ್ತು ಅಂತಲೇ ಮನೆಗೆ ತಂದಿದ್ದು ಕಣೇ ಅದನ್ನ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅಮ್ಮಣ್ಣಿಗೆ. ಭೂಮಿಯೋ, ಎಲ್ಲೋ ಮೈಲಿಗಟ್ಟಲೆ ಕೆಳಗಿತ್ತು. "ಬರೀ ಮೋಡ ರೀ. ಏನೂ ಕಾಣಿಸ್ತಿಲ್ಲ" ಎಂದು ಅತ್ತೇಬಿಟ್ಟಳು.

ಅವರು ಕೈ ಹಿಂದಕ್ಕೆಳೆಯಲಿಲ್ಲ. ಅಂಗೈಯನ್ನು ಇನ್ನಷ್ಟು ಅಗಲ ಮಾಡಿ ಅವಳ ಮಡಿಲಲ್ಲಿಟ್ಟರು.

"ಮುಂದೆ ಹೇಳು. ಆ ಹಾಳೇಲಿ ಉಪ್ಪಿನಕಾಯಿ ಜಾಡಿ ಎಣ್ಣೆ ಕಲೆ ಎಲ್ಲಿ ಬಿದ್ದಿತ್ತು?"

ಅವಳು ಮೂಗೊರೆಸಿಕೊಂಡು, ಮಣಿಕಟ್ಟಿನ ಹತ್ತಿರ ಬೆರಳಿಟ್ಟಳು. "ಇಲ್ಲಿ. ಮಾಟುಂಗದ ಮೇಲೆ."

"ಹಾಗಾದ್ರೆ ಮನೆ ಬಂತು" ಎಂದರು ವೆಂಕಟಸುಬ್ಬಯ್ಯ.