ರಿವೈಂಡ್ ಮಾಡದೆ ಇಟ್ಟ ಕ್ಯಾಸೆಟ್ಟು

ನಾನೊಂದು ವಿಡಿಯೋ ಕ್ಯಾಸೆಟ್ಟು. ಈಗಿನ ಮಕ್ಕಳ ಕೈಗೆ ಸಿಕ್ಕರೆ ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ, ಇದರೊಳಗೆ ಏನಿಡುತ್ತಾರೆ ಎಂದು ಕೇಳುತ್ತವೆ. ಕಪ್ಪು ಮೈ, ಹಲ್ಲಿರುವ ಎರಡು ಚಕ್ರ, ಹೊಟ್ಟೆಯೊಳಗೆ ಸುತ್ತಿಕೊಂಡ ಕಂದು ಬಣ್ಣದ ಉದ್ದನೆಯ ರೀಲು, ಇಷ್ಟೇ ನಾನು. ಒಮ್ಮೆ ಕಂಡದ್ದನ್ನು ಮೂರು ಗಂಟೆಯಷ್ಟು ಹಿಡಿದಿಟ್ಟುಕೊಳ್ಳುವುದು ನನ್ನ ಕಸುಬು. ಆ ಕಸುಬಿನಲ್ಲೇ ಮಾನ ಕಳೆದುಕೊಂಡಿದ್ದೇನೆ. ಹಾಗಾಗಿ ನನ್ನ ಕಥೆಯನ್ನು ತಲೆ ತಗ್ಗಿಸಿಕೊಂಡೇ ಹೇಳಬೇಕು.

ಯಾವುದೋ ಕಾರ್ಖಾನೆಯಲ್ಲಿ ಸಾವಿರಾರು ಒಡಹುಟ್ಟಿದವರ ಜೊತೆ ಖಾಲಿ ಹೊಟ್ಟೆಯಲ್ಲಿ ಹುಟ್ಟಿದೆ. ಹುಬ್ಬಳ್ಳಿಗೆ ಬಂದ ಮೇಲೆ ಮದುವೆ ಶೂಟಿಂಗ್ ಮಾಡುವವನೊಬ್ಬ ನನ್ನನ್ನು ಕೊಂಡು, ಹೆಗಲ ಮೇಲಿನ ದೊಡ್ಡ ಕ್ಯಾಮೆರಾದೊಳಗೆ ಹಾಕಿದ. ನಾನು ಕಣ್ಣು ಬಿಟ್ಟಿದ್ದು ಶಿವಲೀಲಾಳ ಮದುವೆಯಲ್ಲಿ. ಮದುಮಗ ಗುರುಪಾದ, ಹಳೇಹುಬ್ಬಳ್ಳಿಯ ಟೇಲರ್. ಊರಿನವರ ಅಂಗಿಯೆಲ್ಲ ಅಳತೆಗೆ ಸರಿಯಾಗಿ ಹೊಲಿಯುವವನು ತನ್ನ ಮದುವೆಯ ಕೋಟನ್ನು ಮಾತ್ರ ಅವಸರದಲ್ಲಿ ಒಂದು ಗೇಣು ಸಡಿಲ ಹೊಲಿದುಕೊಂಡಿದ್ದ. ದೊಡ್ಡ ಲೈಟು ಮುಖಕ್ಕೆ ಬಿದ್ದಾಗಲೆಲ್ಲ ಕಣ್ಣು ಕಿರಿದು ಮಾಡುತ್ತಿದ್ದ.

ಅರಿಶಿನ ಆಯಿತು, ಅಕ್ಕಿಕಾಳು ಬಿದ್ದವು. ಕೊನೆಗೆ ಗಂಡು ಹೆಣ್ಣನ್ನು ಜೊತೆಯಲ್ಲಿ ಊಟಕ್ಕೆ ಕೂರಿಸಿ ಹೆಸರು ಹೇಳಿಸಿದರು. ನಮ್ಮ ಕಡೆ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಸುಮ್ಮನೆ ಹೇಳುವುದಿಲ್ಲ. ಮದುವೆಯ ದಿನ ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ, ಎಲ್ಲರೆದುರು ಹೇಳಬೇಕು. ಗುರುಪಾದ ಅರ್ಧದಲ್ಲಿ ಮರೆತ, ಪಂಕ್ತಿಯವರೆಲ್ಲ ನಕ್ಕರು, ಅವನು ಮತ್ತೆ ಮೊದಲಿನಿಂದ ಹೇಳಿದ. ಅಲ್ಲಿಗೆ ಮದುವೆ ಮುಗಿಯಿತು. ನನ್ನ ಹೊಟ್ಟೆಯಲ್ಲಿ ಇನ್ನೂ ಒಂದು ಗಂಟೆಗೂ ಹೆಚ್ಚು ಜಾಗ ಖಾಲಿ ಉಳಿದಿತ್ತು. ಶೂಟಿಂಗಿನವನು ನನ್ನ ಬೆನ್ನಿನ ತುದಿಯಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಚೂರನ್ನು ಚಟ್ಟೆಂದು ಮುರಿದ. ಅದನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಬೇರೆ ಏನನ್ನೂ ತುಂಬಲು ಬರುವುದಿಲ್ಲ. 'ಶಿವಲೀಲಾ - ಗುರುಪಾದ ವಿವಾಹ' ಎಂದು ಚೀಟಿ ಹಚ್ಚಿ ಕೊಟ್ಟ. ಆವತ್ತು ನನಗಿದ್ದ ಜಂಬ ಅಷ್ಟಿಷ್ಟಲ್ಲ.

ಗುರುಪಾದನ ಮನೆಯಲ್ಲಿ ಟಿವಿಯೇ ಇರಲಿಲ್ಲ, ಇನ್ನು ವಿಸಿಆರ್ ಎಲ್ಲಿಂದ ಬರಬೇಕು? ಅದೇ ಓಣಿಯಲ್ಲಿ ಅಡಿವೆಪ್ಪನ ವಿಡಿಯೋ ಲೈಬ್ರರಿ ಇತ್ತು. ಕೆಳಗೆ ಅಂಗಡಿ, ಮೇಲೆ ಮನೆ. ಗಂಡ ಹೆಂಡತಿ ಇಬ್ಬರೂ ಬಂದು ನನ್ನನ್ನು ಅವನ ಕೈಗಿತ್ತರು.

"ನಿಮ್ಮಲ್ಲೇ ಇರ್ಲಿ ಅಣ್ಣಾರ. ನಮ್ಮನ್ಯಾಗ ಇಲಿ ಕಾಟ," ಎಂದಳು ಶಿವಲೀಲಾ.

"ನಿಮ್ಮ ಮದಿವಿ ನನ್ನ ಕಪಾಟಿನ್ಯಾಗ ಐತಿ ಅಂದ್ರ ಬ್ಯಾಂಕಿನ್ಯಾಗ ಇದ್ದಂಗ," ಎಂದ ಅಡಿವೆಪ್ಪ.

ಅವನು ಶಿಸ್ತಿನ ಮನುಷ್ಯ. 'ರೀಲು ಹಿಂದಕ್ಕೆ ಸುತ್ತಿಯೇ ಕ್ಯಾಸೆಟ್ ಮರಳಿಸತಕ್ಕದ್ದು' ಎಂದು ಗೋಡೆಗೆ ಬೋರ್ಡು ತೂಗುಹಾಕಿದ್ದ. ಯಾರಾದರೂ ಸುತ್ತದೆ ತಂದರೆ ಅವರ ಹಿರೀಕರನ್ನೆಲ್ಲ ನೆನೆಯುತ್ತಿದ್ದ. ಕೈಗೆ ಬಂದ ಯಾವ ಕ್ಯಾಸೆಟ್ಟನ್ನೂ ಮೊದಲಿಗೆ ಸುತ್ತದೆ ಕಪಾಟಿಗೆ ಸೇರಿಸಿದವನಲ್ಲ. ಮಾತಾಡುತ್ತಿರಲಿ, ಚಹಾ ಕುಡಿಯುತ್ತಿರಲಿ, ಅವನ ಬೆರಳು ತಾನಾಗಿಯೇ ರಿವೈಂಡ್ ಗುಂಡಿಗೆ ಹೋಗುತ್ತಿತ್ತು.

ವರ್ಷಕ್ಕೊಮ್ಮೆ, ಮದುವೆಯಾದ ದಿನ, ಗಿರಾಕಿಗಳಿಲ್ಲದ ಮಧ್ಯಾಹ್ನ ನೋಡಿಕೊಂಡು ಗಂಡ ಹೆಂಡತಿ ಬರುತ್ತಿದ್ದರು. ಕಾಗದದಲ್ಲಿ ಗಿರಮಿಟ್ಟು, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ತರುತ್ತಿದ್ದರು. ಅಡಿವೆಪ್ಪನ ಹೆಂಡತಿ ದಾನಮ್ಮ ಮೇಲಿನಿಂದ ಚಹಾ ತರುತ್ತಿದ್ದಳು. ಅಂಗಡಿಯ ಪುಟ್ಟ ಟಿವಿಯೆದುರು ನಾಲ್ವರೂ ಕೂತು ಮದುವೆ ನೋಡುತ್ತಿದ್ದರು. ಕೊನೆಗೆ ಗುರುಪಾದ ಒಡಪು ಹೇಳುವ ಜಾಗ ಬಂದಾಗ ಅವನು ಎದ್ದು ಹೊರಗೆ ಬೀಡಿ ಸೇದಲು ಹೋಗುತ್ತಿದ್ದ. ಶಿವಲೀಲಾ, "ಇನ್ನೊಮ್ಮೆ ಹಚ್ರಿ ಅಣ್ಣಾರ," ಎನ್ನುತ್ತಿದ್ದಳು. ಯಾಕೆಂದರೆ ಆ ಮನುಷ್ಯ ಆವತ್ತು ಬಿಟ್ಟರೆ ಮತ್ತೆಂದೂ ಹೆಂಡತಿಯನ್ನು ಹೆಸರು ಹಿಡಿದು ಕರೆದಿರಲಿಲ್ಲ. 'ಕೇಳಿಲ್ಲೆ', 'ಎಲ್ಲಿದ್ದಿ', ಇಷ್ಟರಲ್ಲೇ ಅವರ ಸಂಸಾರ ನಡೆಯುತ್ತಿತ್ತು. ಅವಳ ಹೆಸರು ಅವನ ಬಾಯಲ್ಲಿ ಇದ್ದದ್ದು ನನ್ನೊಳಗೆ ಮಾತ್ರ.

ಐದು ವರ್ಷ ಹೀಗೆ ನಡೆಯಿತು. ಆರನೆಯ ವರ್ಷ, ಮದುವೆಯ ದಿನಕ್ಕೆ ಇನ್ನೂ ತಿಂಗಳಿರುವಾಗ, ಒಂದು ಹೊಸ ಸಿನಿಮಾದ ಕ್ಯಾಸೆಟ್ಟು ಬಸ್ಸಿನಲ್ಲಿ ಬಂತು. ಸಂಜೆಯ ಬಸ್ಸಿಗೆ ಅದು ಬೇರೆ ಊರಿಗೆ ಹೋಗಬೇಕು, ಅಷ್ಟರೊಳಗೆ ನಕಲು ಮಾಡಿಕೊಳ್ಳಬೇಕು. ಅಡಿವೆಪ್ಪ ಎರಡು ವಿಸಿಆರ್ ಜೋಡಿಸಿದ. ಅಂಗಡಿಯಲ್ಲಿದ್ದ ಕೊನೆಯ ಕ್ಯಾಸೆಟ್ಟಿನಲ್ಲಿ ಮೊದಲರ್ಧಕ್ಕಷ್ಟೇ ಜಾಗವಿತ್ತು. ಅಲ್ಲಿ ಇಲ್ಲಿ ತಡಕಾಡಿ, ಅವನ ಕಣ್ಣು ನನ್ನ ಮೇಲೆ ಬಿತ್ತು.

ಅವನು ಕೆಟ್ಟವನಲ್ಲ, ಅದನ್ನು ನಾನೇ ಹೇಳುತ್ತೇನೆ. ಮದುವೆ ಮುಗಿದ ಮೇಲಿನ ಖಾಲಿ ಜಾಗದಲ್ಲಿ ಎರಡನೆಯ ಅರ್ಧ ತುಂಬಿ, ಆಮೇಲೆ ಬೇರೆ ಕ್ಯಾಸೆಟ್ಟಿಗೆ ದಾಟಿಸಿದರಾಯಿತು ಎಂದುಕೊಂಡ. ಮುರಿದ ಚೂರಿನ ಜಾಗಕ್ಕೆ ವೈರಿಗೆ ಸುತ್ತುವ ಕರಿ ಪಟ್ಟಿ ಅಂಟಿಸಿ ಮುಚ್ಚಿದ. ರೀಲನ್ನು ಮುಂದಕ್ಕೆ ಓಡಿಸಿ, ಮದುವೆ ದಾಟಿಸಿ, ಸರಿಯಾದ ಜಾಗದಲ್ಲಿ ನಿಲ್ಲಿಸಿದ. ಅಷ್ಟೊತ್ತಿಗೆ ಗಿರಾಕಿಯೊಬ್ಬ ಸುತ್ತದ ಕ್ಯಾಸೆಟ್ಟು ತಂದು ಮೇಜಿನ ಮೇಲಿಟ್ಟ. ಅಡಿವೆಪ್ಪನ ಪಿತ್ತ ನೆತ್ತಿಗೇರಿತು. ಅವನನ್ನು ಬೈದ, ಬೋರ್ಡು ತೋರಿಸಿದ, ಬೈಯುತ್ತಲೇ ವಾಪಸ್ಸು ಬಂದು ರಿವೈಂಡ್ ಒತ್ತಿದ. ಒತ್ತಿದ್ದು ನನ್ನನ್ನು. ನಾನು ಕರ್ರೆಂದು ಮೊದಲಿಗೆ ಸುತ್ತಿ ನಿಂತೆ. ಅವನು ರೆಕಾರ್ಡಿಂಗ್ ಹಚ್ಚಿ ಊಟಕ್ಕೆ ಮೇಲೆ ಹೋದ.

ಅರಿಶಿನ ಹಚ್ಚಿಸಿಕೊಂಡ ಶಿವಲೀಲಾಳ ಮುಖದ ಮೇಲೆ ಯಾರೋ ಬಂದು ನಿಂತು ಹಾಡತೊಡಗಿದರು. ಆಮೇಲೆ ಅಕ್ಕಿಕಾಳು ಹೋದವು. ನನಗೆ ಕೂಗಲು ಬಾಯಿಲ್ಲ. ಮೈಮೇಲೆ ಬಂದದ್ದನ್ನು ಬಂದಂತೆ ನೆನಪಿಟ್ಟುಕೊಳ್ಳುವ ನನ್ನ ಗುಣಕ್ಕೆ ನಾನೇ ಹೇಸಿದೆ.

ಅಡಿವೆಪ್ಪ ಕೆಳಗಿಳಿದು ಬಂದಾಗ ಎರಡೂ ವಿಸಿಆರ್ ನಿಂತಿದ್ದವು. ಎಲ್ಲ ತುಂಬಿ ಮುಗಿದಿದೆ ಎಂದುಕೊಂಡು ಸಿನಿಮಾದ ಕ್ಯಾಸೆಟ್ಟನ್ನು ಬಸ್ಸಿಗೆ ಕೊಟ್ಟು ಬಂದ. ಸಂಜೆ ನನ್ನನ್ನು ಹಾಕಿ ನೋಡಿದರೆ, ಮದುವೆ ಇರಬೇಕಾದಲ್ಲಿ ಸಿನಿಮಾದ ಹೀರೋ ಕುಣಿಯುತ್ತಿದ್ದಾನೆ. ಅಡಿವೆಪ್ಪ ತಟ್ಟನೆ ಟಿವಿ ಆರಿಸಿದ. ನನ್ನನ್ನು ಹೊರಗೆ ಎಳೆದು, ಕಪಾಟಿನ ಮೇಲಿನ ಅರೆಯಲ್ಲಿ ಗೋಡೆಗೆ ಮುಖ ಮಾಡಿ ಇಟ್ಟ. ಮತ್ತೆಂದೂ ಹಾಕಿ ನೋಡಲಿಲ್ಲ.

ಮುಂದಿನ ತಿಂಗಳು ಗಂಡ ಹೆಂಡತಿ ಗಿರಮಿಟ್ಟು ಹಿಡಿದು ಬಂದರು.

"ಕ್ಯಾಸೆಟ್ಟಿಗೆ ಬೂಷ್ಟು ಹತ್ತೈತಿ," ಎಂದ ಅಡಿವೆಪ್ಪ, ಯಾರ ಮುಖವನ್ನೂ ನೋಡದೆ. "ಹಾಕಿದ್ರ ರೀಲು ಹರದು ಹೋಗತೈತಿ."

"ಹಂಗಾರ ಬ್ಯಾಡ ಬಿಡ್ರಿ," ಎಂದ ಗುರುಪಾದ. "ಇದ್ರ ಸಾಕು. ಜ್ವಾಪಾನ ಮಾಡ್ರಿ."

ತಂದದ್ದನ್ನು ಅಲ್ಲೇ ಬಿಟ್ಟು ಹೋದರು. ಅಡಿವೆಪ್ಪ ಆ ಪೊಟ್ಟಣವನ್ನು ಬಿಚ್ಚಲೂ ಇಲ್ಲ. ತನ್ನ ತಪ್ಪನ್ನು ನನ್ನ ಮೈಮೇಲೆ ಹಾಕಿದನಲ್ಲ ಎಂದು ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಒಂದು ಒಳ್ಳೆಯ ಮನೆಯ ಮದುವೆಯ ಚೀಟಿ ಹಚ್ಚಿಕೊಂಡು, ಒಳಗೆ ಬೇರೆಯವರ ಕುಣಿತ ತುಂಬಿಕೊಂಡು ಕೂತಿದ್ದೆನಲ್ಲ.

ವರ್ಷಗಳು ಉರುಳಿದವು. ಸಿಡಿ ಬಂತು, ಅಂಗಡಿಯ ಷಟರು ಇಳಿಯಿತು, ನಾವೆಲ್ಲ ಮಾಳಿಗೆಯ ಮನೆ ಸೇರಿದೆವು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಶಿವಲೀಲಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಗುರುಪಾದ ದವಾಖಾನೆಯಲ್ಲಿದ್ದ.

"ಬೂಷ್ಟು ತೆಗಿಯೂ ಮಂದಿ ಈಗ ಅದಾರಂತ. ಅಡಿವೆಪ್ಪಣ್ಣಾರ್ನ ಒಮ್ಮೆ ಕೇಳು ಅಂತ ಅವರಽ ಕಳಿಸ್ಯಾರ," ಎಂದಳು.

ಹೇಳಿಬಿಡು, ಹೇಳಿಬಿಡು ಎಂದು ನಾನು ಕಪಾಟಿನಿಂದ ಬೇಡಿಕೊಂಡೆ. ಅಡಿವೆಪ್ಪ ಅಂಗಿಯ ಗುಂಡಿ ತಿರುವುತ್ತ, "ಆಗಂಗಿಲ್ಲ ತಂಗಿ. ಭಾಳ ಹತ್ತೈತಿ," ಎಂದ. ಹನ್ನೆರಡು ದಿನಕ್ಕೆ ಗುರುಪಾದ ತೀರಿಕೊಂಡ. ಮಣ್ಣಿಗೆ ಹೋಗಿ ಬಂದ ಅಡಿವೆಪ್ಪ ಆ ದಿನ ಕಪಾಟಿನ ಕಡೆ ಬೆನ್ನು ಹಾಕಿಯೇ ಕೂತಿದ್ದ.

ಈಗ ದಾನಮ್ಮನ ಮಂಡಿ ಮೆಟ್ಟಿಲು ಹತ್ತಲೊಲ್ಲದಾಯಿತು. ಮೆಟ್ಟಿಲಿಲ್ಲದ ಎರಡು ಕೋಣೆಯ ಬಾಡಿಗೆ ಮನೆ ನೋಡಿದರು. ಅಲ್ಲಿ ಮಂಚ ಹಾಕಿದರೆ ಕಪಾಟಿಗೆ ಜಾಗವಿಲ್ಲ. ಮುನ್ನೂರು ಕ್ಯಾಸೆಟ್ಟು ಏನು ಮಾಡುವುದು? ನಾಲ್ಕು ದಿನ ಅಡಿವೆಪ್ಪ ಒಂದೊಂದನ್ನೇ ಒರೆಸಿ ಎತ್ತಿಡುವುದು, ದಾನಮ್ಮ ಅದನ್ನು ತಿರುಗಿ ಚೀಲಕ್ಕೆ ಹಾಕುವುದು, ಇದೇ ನಡೆಯಿತು. ಅವಳ ತಮ್ಮ ಇಪ್ಪತ್ತು ಒಯ್ದ. ರೀಲು ಬಿಚ್ಚಿ ಜೋಳದ ಹೊಲಕ್ಕೆ ಅಡ್ಡ ಕಟ್ಟಿದರೆ ಗಾಳಿಗೆ ಮಿಂಚಿ ಹಕ್ಕಿ ಬರುವುದಿಲ್ಲವಂತೆ. ಎಂಥೆಂಥ ಹೀರೋಗಳು ಗುಬ್ಬಿ ಓಡಿಸುವ ಕೆಲಸಕ್ಕೆ ಹೋದರು. ಉಳಿದವರು ಗುಜರಿಗೆ.

ಗುಜರಿಯವನು ಬರುವ ದಿನ, ದಾನಮ್ಮ ಒಳಗಿದ್ದಾಗ, ಅಡಿವೆಪ್ಪ ನನ್ನನ್ನು ಎತ್ತಿ ಚೀಲದ ತಳಕ್ಕೆ ತುರುಕಿದ. ಮೇಲೆ ಹತ್ತು ಕ್ಯಾಸೆಟ್ಟು ಹೇರಿದ. ನನಗೆ ಹಾಯೆನಿಸಿತು, ಸುಳ್ಳು ಹೇಳುವುದಿಲ್ಲ. ಇಲ್ಲಿಗೆ ಇಬ್ಬರ ಗುಟ್ಟೂ ಮುಗಿಯಿತು ಎಂದುಕೊಂಡೆ. ಆದರೆ ದಾನಮ್ಮ ಯಾವ ಚೀಲವನ್ನೂ ತಾನು ಕಟ್ಟದೆ ಬಿಡುವವಳಲ್ಲ. ಸುರುವಿ ಸರಿಯಾಗಿ ತುಂಬಲು ಹೋದಾಗ ನಾನು ಅವಳ ಕೈಗೆ ಬಂದೆ.

"ಅಲ್ರೀ, ಇದು ಶಿವಲೀಲಾನ ಮದಿವಿ. ಕಣ್ಣು ಕಾಣಸ್ತಾವೋ ಇಲ್ಲೋ ನಿಮಗ?" ಎಂದು ಬೈದು ಆಗಲೇ ಫೋನು ಮಾಡಿದಳು. "ಬೂಷ್ಟರ ಇರವಲ್ದ್ಯಾಕ, ಅಕಿ ವಸ್ತು ಅಕಿಗೆ ಮುಟ್ಟಬೇಕು."

ಶಿವಲೀಲಾ ಬಂದಳು. ನನ್ನನ್ನು ಸೆರಗಿನಿಂದ ಒರೆಸಿದಳು. ಅವಳ ಬೆರಳು ನನ್ನ ಬೆನ್ನಿನ ಮೇಲೆ ಹೋಗುತ್ತ ತುದಿಯಲ್ಲಿ ನಿಂತಿತು.

"ಇಲ್ಲೆ ಏನೋ ಕರೇ ಪಟ್ಟಿ ಹಚ್ಚ್ಯಾರಲ್ಲ ಅಣ್ಣಾರ?"

ಹಳೇದಾತು, ಒಡದಿತ್ತು ಎಂದು ಹೇಳಿಬಿಡಬಹುದಿತ್ತು. ಅಡಿವೆಪ್ಪ ಸಾಮಾನಿನ ಗಂಟಿನ ಮೇಲೆ ಕೂತ.

"ನಾನಽ ಹಚ್ಚಿದ್ದು ತಂಗಿ. ಅದಕ್ಕ ಬೂಷ್ಟು ಎಂದೂ ಹತ್ತಿಲ್ಲ. ಅದರ ಮ್ಯಾಲ ಸಿನಿಮಾ ತುಂಬಿದೆ. ನಿಮ್ಮ ಮದಿವಿ ಅಳಿಸಿ ಹೋತು. ಹೇಳಾಕ ಮಾರಿ ಇರಲಿಲ್ಲ."

ದಾನಮ್ಮ ಕೈಯಲ್ಲಿದ್ದ ಹಗ್ಗ ಬಿಟ್ಟಳು. ಶಿವಲೀಲಾ ಅಡಿವೆಪ್ಪನ ಕಡೆ ತಿರುಗಿದಳು.

"ದವಾಖಾನಿಯಿಂದ ಬಂದು ಕೇಳಿದ್ನಲ್ಲ. ಅವತ್ತೂ ಬೂಷ್ಟು ಅಂದ್ರಿ."

"ಅಂದೆ."

"ಹಚ್ರಿ. ಏನ ತುಂಬೀರಿ ನೋಡ್ತೀನಿ."

ಮಾರದೆ ಉಳಿಸಿಕೊಂಡಿದ್ದ ಒಂದು ವಿಸಿಆರ್ ಇತ್ತು. ಅಡಿವೆಪ್ಪ ವೈರು ಜೋಡಿಸಿ ನನ್ನನ್ನು ಹಾಕಿದ. ಹೀರೋ ಕುಣಿದ, ಅತ್ತ, ಹಾಡಿದ. ಒಂದು ಗಂಟೆಗೂ ಹೆಚ್ಚು ಹೊತ್ತು ಮೂವರೂ ಆ ಸಿನಿಮಾವನ್ನು ಸಾವಿನ ಮನೆಯವರ ಹಾಗೆ ಕೂತು ನೋಡಿದರು. ಕೊನೆಗೆ ಹೊಡೆದಾಟ ಬಂತು. ಖಳನಾಯಕ ಕತ್ತಿ ಎತ್ತಿದ. ಎತ್ತಿದ ಕೈ ಕೆಳಗೆ ಬರಲೇ ಇಲ್ಲ. ಪರದೆ ಒಮ್ಮೆ ನಡುಗಿ, ಊಟದ ಪಂಕ್ತಿ ಕಾಣಿಸಿತು.

ಆವತ್ತು ಅಡಿವೆಪ್ಪ ಊಟ ಮುಗಿಸಿ ಅಡ್ಡಾಗಿದ್ದಾಗ ಓಣಿಯ ಕರೆಂಟು ಹೋಗಿತ್ತು. ಅವನು ಕೆಳಗೆ ಬರುವಷ್ಟರಲ್ಲಿ ಬಂದಿತ್ತು. ವಿಸಿಆರ್ ನಿಂತದ್ದು ಅದಕ್ಕೆ. ಮದುವೆಯ ಕೊನೆಯ ಇಪ್ಪತ್ತು ನಿಮಿಷ ಇಷ್ಟು ವರ್ಷ ನನ್ನೊಳಗೆ ಹಾಗೇ ಇತ್ತು. ನನಗೆ ಗೊತ್ತಿತ್ತು. ಒಂದೇ ಒಂದು ಸಲ ಕೊನೆಯವರೆಗೆ ಓಡಿಸಿ ನೋಡಿದ್ದರೆ ಅವನಿಗೂ ಗೊತ್ತಾಗುತ್ತಿತ್ತು.

ಸಡಿಲ ಕೋಟಿನ ಗುರುಪಾದ ಕಣ್ಣು ಕಿರಿದು ಮಾಡಿ ಒಡಪು ಶುರು ಮಾಡಿದ, ಮರೆತ, ಜನ ನಕ್ಕರು, ಮತ್ತೆ ಹೇಳಿದ: "ಬುಟ್ಟಿ ತುಂಬ ಮಲ್ಲಿಗಿ, ಕಟ್ಟಿ ಮ್ಯಾಲ ದೀಪಾ, ಶಿವಲೀಲಾ ಬಂದ ಮ್ಯಾಲ ಹೋತು ನನ್ನ ಕೋಪಾ."

ಪರದೆ ಬರಿದಾಯಿತು. ಅಡಿವೆಪ್ಪ ಒಂದು ಕೈಯಿಂದ ಮುಖ ಮುಚ್ಚಿಕೊಂಡಿದ್ದ. ಅಷ್ಟಾದರೂ ಅವನ ಇನ್ನೊಂದು ಕೈ, ಹಳೆಯ ಚಟ, ರಿವೈಂಡ್ ಗುಂಡಿಯ ಕಡೆ ಹೋಯಿತು.

"ಬ್ಯಾಡ," ಎಂದಳು ಶಿವಲೀಲಾ. "ನಿಮ್ಮ ಕೈಲೆ ಹಿಂದಕ್ಕ ಸುತ್ತೂದು ಬ್ಯಾಡ. ಅವತ್ತ ಇದನ್ನ ಹಚ್ಚಿದ್ರ ಅವರೂ ಕೇಳ್ತಿದ್ರು."

ನನ್ನನ್ನು ಹಾಗೆಯೇ ತೆಗೆದು ಚೀಲದಲ್ಲಿಟ್ಟುಕೊಂಡು ಹೊರಟಳು. ದಾನಮ್ಮ ಚಹಾ ತಂದಿದ್ದಳು, ಅದನ್ನು ಮುಟ್ಟಲಿಲ್ಲ.

ಅವಳು ಆ ಇಪ್ಪತ್ತು ನಿಮಿಷವನ್ನು ಫೋನಿಗೆ ಹಾಕಿಸಿಕೊಂಡಿದ್ದಾಳೆ. ಹಾಗೆ ಹಾಕಿಕೊಟ್ಟ ಸ್ಟುಡಿಯೋದವನಿಗೂ ಆ ಒಡಪಿನ ಕೊನೆಗೇ ನನ್ನನ್ನು ನಿಲ್ಲಿಸಿ ಕೊಡು ಎಂದಿದ್ದಳು. ಹಾಗಾಗಿ ರಿವೈಂಡ್ ಆಗದೆ, ಅವಳ ಹೆಸರು ಮುಗಿದ ಜಾಗದಲ್ಲೇ ನಿಂತು, ಅವಳ ಟ್ರಂಕಿನಲ್ಲಿ ಸೀರೆಗಳ ನಡುವೆ ಇದ್ದೇನೆ.

ಮದುವೆಯ ದಿನ ತಿರುಗಿ ಬಂದಾಗ ಅಡಿವೆಪ್ಪ ಅವಳ ಬಾಗಿಲಿಗೆ ಬಂದ. ಕೈಯಲ್ಲಿ ಗಿರಮಿಟ್ಟಿನ ಪೊಟ್ಟಣ. ಹೊಸ್ತಿಲ ಹೊರಗೇ ನಿಂತ. ಬರ್ರಿ ಎನ್ನಲಿಲ್ಲ ಅವಳು. ಒಳಗೆ ಹೋಗಿ ನನ್ನನ್ನು ತಂದು ಅವನ ಕೈಯಲ್ಲಿಟ್ಟಳು.

"ಆ ಪಟ್ಟಿ ಕೀಳ್ರಿ. ಹಚ್ಚಿದವರಽ ಕೀಳಬೇಕು."

ಉಗುರು ಹಾಕಿ, ನಿಂತಲ್ಲೇ, ಚೂರು ಚೂರಾಗಿ ಕಿತ್ತ. ಬಹಳ ಹೊತ್ತು ಹಿಡಿಯಿತು. ಕೊನೆಯ ಚೂರು ಬಂದ ಮೇಲೆ ಅವಳು ನನ್ನನ್ನು ತಿರುಗಿಸಿ ನೋಡಿ, "ಒಳಗ ಬಂದು ಕುಂದರ್ರಿ. ಚಾ ಇಡ್ತೀನಿ," ಎಂದಳು.

ಇನ್ನು ನನ್ನ ಮೇಲೆ ಯಾರೂ ಏನೂ ತುಂಬಲಾರರು. ಪಟ್ಟಿ ಹೋಯಿತು, ಅದರ ಅಂಟು ಮಾತ್ರ ಹೋಗಿಲ್ಲ. ಟ್ರಂಕು ತೆರೆದಾಗಲೆಲ್ಲ ಧೂಳು ಮೊದಲು ಬಂದು ಕೂರುವುದು ಅಲ್ಲಿಯೇ.