ತುಟಿ ಬಿಗಿದ ಆಶೀರ್ವಾದ

ಹತ್ತಿ ಗಿರಣಿಗೆ ಹೊರಟ ಎವರಿಸ್ತೊ ಎಂದಿನಂತೆ ಬಾಗಿಲಲ್ಲಿ ನಿಂತು ತಾಯಿಯ ಮುಂದೆ ತಲೆ ಬಾಗಿಸಿದ. ತೊಮಾಸಾ ಹೆಬ್ಬೆರಳಿನಿಂದ ಅವನ ಹಣೆಯ ಮೇಲೆ ಶಿಲುಬೆ ಬರೆದರು. ಟೆಕ್ಸಸ್‌ನ ನಮ್ಮ ಬೀದಿಯಲ್ಲಿ ತಾಯಂದಿರು ಹಾಗೆ ಮಾಡಿ, ದೇವರು ಕಾಯಲಿ ಎಂದು ಸ್ಪ್ಯಾನಿಷ್‌ನಲ್ಲಿ ಹೇಳದೆ ಯಾರನ್ನೂ ಹೊಸ್ತಿಲು ದಾಟಿಸುವುದಿಲ್ಲ. ತೊಮಾಸಾ ಮಾತ್ರ ಈಚೆಗೆ ಬಾಯಿ ಬಿಡುತ್ತಿರಲಿಲ್ಲ.

ಕಾರಣವಿತ್ತು. ಚಳಿಗಾಲದಲ್ಲೊಮ್ಮೆ ದಿನಸಿ ಅಂಗಡಿಯ ಸಾಲಿನಲ್ಲಿ ಅವರು ಐದು ವರ್ಷದ ಮೊಮ್ಮಗಳು ನೆಲ್ದಾಳ ಜೊತೆ ಹರಟುತ್ತಿದ್ದಾಗ ಹಿಂದಿದ್ದವನೊಬ್ಬ, "ಇದು ಅಮೆರಿಕ. ಇಂಗ್ಲಿಷ್ ಬರದಿದ್ರೆ ಬಾಯಿ ಮುಚ್ಕೊಂಡಿರಿ" ಎಂದಿದ್ದ. ಪಕ್ಕದಲ್ಲೇ ಇದ್ದ ಎವರಿಸ್ತೊ ಅವನಿಗೇನೂ ಹೇಳಲಿಲ್ಲ. ಮನೆಗೆ ಬಂದು ತಾಯಿಗೆ ಹೇಳಿದ.

"ಇನ್ಮೇಲೆ ಮಗು ಮುಂದೆ ನಮ್ಮ ಭಾಷೆ ಬೇಡಮ್ಮ."

"ನಂಗೆ ಬೇರೆ ಯಾವ ಭಾಷೆ ಬರುತ್ತೋ?"

"ಚಿಕ್ಕವನಿದ್ದಾಗ ಶಾಲೇಲಿ ಇದೇ ಭಾಷೆ ಆಡಿದ್ದಕ್ಕೆ ಮೇಷ್ಟ್ರು ನನ್ನ ಅಂಗೈ ಊದೋ ಹಾಗೆ ಬಾರಿಸಿದ್ರು. ನೀವೇ ಎಣ್ಣೆ ಹಚ್ಚಿದ್ರಿ, ಮರೆತ್ರಾ? ಅವಳಿಗೂ ಅದೇ ಗತಿ ಆಗ್ಬೇಕಾ?"

ತೊಮಾಸಾ ಮರೆತಿರಲಿಲ್ಲ. ಅದಕ್ಕೇ ಒಪ್ಪಿದರು. ಬೀದಿಗೆಲ್ಲ ಮಾತಿನ ಮಲ್ಲಿಯಾಗಿದ್ದವರು ಮೊಮ್ಮಗಳಿಗೆ ಸನ್ನೆಯಲ್ಲಿ ಊಟ ಬಡಿಸಿದರು, ಮೌನವಾಗಿ ಜಡೆ ಹೆಣೆದರು. ಅಂಗಡಿಯ ಆ ಗಂಡಸು ಬಯಸಿದ್ದೂ ಇದನ್ನೇ. ಅವನ ಕೆಲಸವನ್ನು ಮಗನೇ ಮಾಡಿಕೊಟ್ಟಿದ್ದ.

ಒಂದು ಭಾನುವಾರ ನೆಲ್ದಾ ಮೆಟ್ಟಿಲ ಮೇಲೆ ಬೊಂಬೆಯನ್ನು ಶಾಲೆಗೆ ಹೊರಡಿಸುತ್ತಿದ್ದಳು. ತುಟಿಗಳನ್ನು ಬಿಗಿಯಾಗಿ ಒತ್ತಿಕೊಂಡು ಅದರ ಹಣೆಗೆ ಶಿಲುಬೆ ಬರೆದಳು.

"ಬಾಯಿ ಯಾಕೆ ಹಾಗೆ ಬಿಗಿ ಹಿಡಿದಿದ್ದೀಯಮ್ಮ?" ಎವರಿಸ್ತೊ ನಗುತ್ತ ಕೇಳಿದ.

"ಹಾಗೇ ಮಾಡ್ಬೇಕಪ್ಪ. ಮಾತಾಡಿದ್ರೆ ಬೈತಾರೆ."

"ಯಾರು?"

"ನೀನೇ. ಅಜ್ಜಿ ಏನು ತಪ್ಪು ಮಾಡಿದ್ರಪ್ಪ?"

ಎವರಿಸ್ತೊನಿಗೆ ನಾಚಿಕೆಯಾಯಿತು. ಅಂದು ಏಟು ತಿಂದವನು ಇಂದು ತಾನೇ ಬೆತ್ತ ಹಿಡಿದು ನಿಂತಿದ್ದೇನೆ ಎನಿಸಿತು.

ಸೋಮವಾರ ಬೆಳಿಗ್ಗೆ ತಾಯಿಯ ಹೆಬ್ಬೆರಳು ಹಣೆಯಿಂದ ಸರಿದ ಮೇಲೂ ಅವನು ತಲೆ ಎತ್ತಲಿಲ್ಲ.

"ಬಾಯಿ ಬಿಟ್ಟು ಹೇಳಿ ಅಮ್ಮ."

"ಮಗು ಇಲ್ಲೇ ಇದೆ ಕಣೋ."

"ಇರ್ಲಿ. ಅವಳೂ ಕೇಳಲಿ."

ತೊಮಾಸಾರ ದನಿ ಮೊದಲು ತಡವರಿಸಿತು. ಆಮೇಲೆ ತಡೆಯಿಲ್ಲದೆ ಬಂತು. ಒಂದು ಮಾತಿನ ಆಶೀರ್ವಾದ ಇಷ್ಟು ತಿಂಗಳ ಬಾಕಿಯನ್ನೆಲ್ಲ ಸೇರಿಸಿಕೊಂಡು ಉದ್ದವಾಯಿತು.

ನೆಲ್ದಾ ಒಳಗೋಡಿ ಬೊಂಬೆ ತಂದು ಅದರ ತಲೆ ಬಾಗಿಸಿ ಹಿಡಿದಳು.

"ಇವಳಿಗೂ ಹೇಳಿ ಅಜ್ಜಿ."

ಅವಳು ಹಾಗೆ ಕೇಳಿದ್ದು ಸ್ಪ್ಯಾನಿಷ್‌ನಲ್ಲಿ. ಮಗುವೂ ಮರೆತಿರಲಿಲ್ಲ.