ಇಬ್ಬರೂ ಕಾಯುತ್ತಿದ್ದಾಗ

ನಾನು ಒಂದು ಚಾನೆಲ್. ಟಿವಿಯಲ್ಲಿ ಬರುವ ಚಾನೆಲ್ ಅಲ್ಲ. ಕಂಪ್ಯೂಟರಿನೊಳಗೆ ಏಕಕಾಲಕ್ಕೆ ನಡೆಯುವ ಎರಡು ಕೆಲಸಗಳ ನಡುವೆ ಸುದ್ದಿ ದಾಟಿಸುವ ಕಾಲುವೆ. ಬಾಗಲಕೋಟೆಯ ಒಂದು ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ನೀಲಾಂಬಿಕಾ, ಮುಮ್ತಾಜ್ ಎಂಬ ಗೆಳತಿಯರು ಒಂದೇ ಕೀಬೋರ್ಡಿಗೆ ಕಿತ್ತಾಡುತ್ತ, ನನ್ನ ಗುಣ ಸ್ವಭಾವಗಳನ್ನೆಲ್ಲ ಪ್ರೋಗ್ರಾಮಿನಲ್ಲಿ ಕ್ಲಾಸ್ ಎಂದು ಕರೆಯುವ ಒಂದು ತುಣುಕಿನಲ್ಲಿ ಬರೆದು ನನ್ನನ್ನು ಹುಟ್ಟಿಸಿದರು. ಕೊಡುವವರೂ ತೆಗೆದುಕೊಳ್ಳುವವರೂ ಇಬ್ಬರೂ ಬಂದರೆ ಮಾತ್ರ ನನ್ನಲ್ಲಿ ಸುದ್ದಿ ದಾಟುತ್ತದೆ. ಒಬ್ಬರೇ ಬಂದರೆ ಇನ್ನೊಬ್ಬರಿಗಾಗಿ ಕಾಯಬೇಕು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವರು ಹಾಲಿನ ಡೇರಿಯ ಮಾದರಿ ಮಾಡುತ್ತಿದ್ದರು. ಪ್ಯಾಕೆಟ್ಟಿಗೆ ಹಾಲು ತುಂಬುವ ಯಂತ್ರ ಒಂದು ಕ್ಲಾಸ್, ಅದು ನೀಲಾಳದು. ಪ್ಯಾಕೆಟ್ಟನ್ನು ಕ್ರೇಟಿಗೆ ಜೋಡಿಸುವ ಯಂತ್ರ ಇನ್ನೊಂದು, ಅದು ಮುಮ್ತಾಜಳದು. ನಡುವೆ ನಾನು. ಅಷ್ಟರಲ್ಲಿ ವರದಿಯ ಮೇಲೆ ಯಾರ ಹೆಸರು ಮೊದಲು ಎಂಬ ಮಾತು ಬಂತು. ಕಡ್ಡಿ ಗುಡ್ಡವಾಯಿತು. ಟೂ ಬಿಟ್ಟ ಮಕ್ಕಳ ಹಾಗೆ ಬೇರೆ ಬೇರೆ ಮೂಲೆಯಲ್ಲಿ ಕೂತು, ಒಬ್ಬರನ್ನೊಬ್ಬರು ಕೇಳದೆ, ತಮ್ಮ ತಮ್ಮ ಕ್ಲಾಸ್ ಮುಗಿಸಿದರು.

ಪರೀಕ್ಷಕರು ಬರುವ ದಿನ ಬೆಳಿಗ್ಗೆ ಎರಡನ್ನೂ ನನಗೆ ಜೋಡಿಸಿ ಓಡಿಸಿದರು. ಏನೂ ಅಲುಗಾಡಲಿಲ್ಲ. ಕ್ರೇಟಿನಲ್ಲಿ ಜಾಗ ಖಾಲಿ ಇದೆ ಎಂದು ಆ ಕಡೆಯವಳು ಹೇಳಲಿ, ಆಮೇಲೆ ತುಂಬೋಣ ಎಂದು ನೀಲಾಳ ಯಂತ್ರ ಕಾಯುತ್ತಿತ್ತು. ಮೊದಲ ಪ್ಯಾಕೆಟ್ ಬರಲಿ, ಆಮೇಲೆ ಬಾಯಿ ಬಿಡೋಣ ಎಂದು ಮುಮ್ತಾಜಳದು ಕಾಯುತ್ತಿತ್ತು. ಎರಡೂ ಕಡೆ ಕೈಚಾಚಿದವರೇ, ಕೊಡುವವರಿಲ್ಲ. ಇದು ಓಡದಿದ್ದರೆ ಇಬ್ಬರೂ ಫೇಲು, ಡಿಪ್ಲೊಮಾ ಇನ್ನೊಂದು ವರ್ಷ ದೂರ. ನನಗೆ ನಿಜಕ್ಕೂ ಸಂಕಟವಾಯಿತು. ಅವರೋ ಪರದೆಯ ಮುಂದೆ ಮುಖ ಗಂಟು ಹಾಕಿಕೊಂಡು ನಿಂತಿದ್ದರು. ಹಟ ಒಳಗೂ ಅದೇ, ಹೊರಗೂ ಅದೇ.

ಬಹಳ ಹೊತ್ತಿನ ಮೇಲೆ ಮುಮ್ತಾಜ್ ಕುರ್ಚಿ ಎಳೆದುಕೊಂಡಳು.

"ಖಾಲಿ ಐತಿ ಅಂತ ನಾನ ಮೊದಲ ಹೇಳ್ತೀನಿ, ನೀಲಾ. ನೀ ತುಂಬು."

ನೀಲಾ ಕಣ್ಣೊರೆಸಿಕೊಂಡಳು. "ಹೆಸರೂ ನಿಂದ ಮೊದಲ ಇರ್ಲಿ."

ಮುಮ್ತಾಜ್ ತನ್ನ ಕ್ಲಾಸಿನಲ್ಲಿ ಖಾಲಿ ಇದೆ ಎಂದು ಹೇಳುವ ಸಾಲನ್ನು ಮೇಲಕ್ಕೆ ತಂದಳು. ನನ್ನಲ್ಲಿ ಮೊದಲ ಸುದ್ದಿ ದಾಟಿತು, ಪ್ಯಾಕೆಟ್ಟುಗಳು ಸಾಲಾಗಿ ಬಂದವು. ಇಬ್ಬರೂ ಪಾಸಾದರು.

ಆಮೇಲೆ ನಾನು ಜೂನಿಯರುಗಳ ಕೈಗೆ ಬಂದೆ. ಲಿಫ್ಟಿನ ಮಾದರಿಗೆ ದುಡಿದೆ, ರೈಲ್ವೆ ಗೇಟಿನ ಮಾದರಿಗೂ ದುಡಿದೆ. ಬರುಬರುತ್ತ ಸಿದ್ಧ ಚಾನೆಲ್ಲುಗಳು ಸಿಗತೊಡಗಿದವು; ಬರೆಯುವ ಉಸಾಬರಿ ಯಾರಿಗೂ ಬೇಡವಾಯಿತು. ಈಗ ಲ್ಯಾಬಿನ ಬೀರುವಿನಲ್ಲಿ, ಹಳೆಯ ಹಾರ್ಡ್ ಡಿಸ್ಕಿನೊಳಗೆ ಬಿದ್ದಿದ್ದೇನೆ. ಬೇಸರವೇನೂ ಇಲ್ಲ. ನನ್ನ ಮೂಲಕ ಲೆಕ್ಕವಿಲ್ಲದಷ್ಟು ಸುದ್ದಿ ದಾಟಿದೆ, ಒಂದೂ ನೆನಪಿಲ್ಲ. ನೆನಪಿರುವುದು ಅವತ್ತು ಮುಮ್ತಾಜ್ ಆಡಿದ ಮಾತು. ಅದು ನನ್ನ ಮೂಲಕ ಹೋಗಲೇ ಇಲ್ಲ.